ಅಂಕದ ಜೊತೆ ಕಾರಣವನ್ನೂ ಕೇಳುವ ಸೇವೆ: ಮೂರು ಸುತ್ತು ಬಳಸಿದ ಮೇಲೆ

ಸಾರ್ವಜನಿಕ ಹಣದಲ್ಲಿ ವಿದ್ಯಾರ್ಥಿವೇತನ ಕೊಡುವ ಒಂದು ಸಮಿತಿಯಲ್ಲಿ ನಾನಿದ್ದೇನೆ. ಅರ್ಜಿಗಳಿಗೆ ಅಂಕ ಹಾಕೋಕೆ ನಾವು ಒಂದು ಆನ್‌ಲೈನ್ ಸೇವೆ ಬಳಸುತ್ತೇವೆ. ಮೂರು ಸುತ್ತು ಮುಗಿದಿವೆ. ಐದಕ್ಕೆ ನಾಲ್ಕು ಸ್ಟಾರ್.

ಅರ್ಜಿ ತೆರೆದರೆ ಹೆಸರು, ಊರು, ಶಾಲೆ, ಫೋಟೋ ಯಾವುದೂ ಕಾಣಿಸುವುದಿಲ್ಲ. ಇದೇನೂ ಹೊಸದಲ್ಲ, ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದವರು 1952ರಲ್ಲೇ ವಾದಕರನ್ನು ಪರದೆಯ ಹಿಂದೆ ಕೂರಿಸಿ ಆಡಿಷನ್ ಮಾಡಿದ್ದರು. ನನಗೆ ಇಷ್ಟವಾದದ್ದು ಅಂಕದ ಕೆಳಗಿರುವ ಕಾರಣದ ಜಾಗ. ಅದನ್ನು ತುಂಬದಿದ್ದರೆ ಮುಂದಿನ ಪುಟ ಬರುವುದೇ ಇಲ್ಲ. ಮೊದಲ ದಿನ ಒಂದು ಅರ್ಜಿಗೆ 10ಕ್ಕೆ 4 ಹಾಕಿದೆ, ಕಾರಣ ಬರೆಯೋಕೆ ಹೋದರೆ ಏನೂ ತೋಚಲಿಲ್ಲ. ಮತ್ತೆ ಓದಿದೆ. ಬೇಕಾದದ್ದೆಲ್ಲ ಅದರಲ್ಲಿತ್ತು, ಭಾಷೆ ಮಾತ್ರ ಒರಟು, ಕಾಗುಣಿತದ ತಪ್ಪು ಜಾಸ್ತಿ, ಆದರೆ ನಮ್ಮ ನಿಯಮದಲ್ಲಿ ಭಾಷೆಗೆ ಅಂಕವೇ ಇಲ್ಲ! 7 ಮಾಡಿದೆ. ಹಳೆಯ 4 ಕೂಡ ಸಮಯದ ಸಮೇತ ದಾಖಲೆಯಲ್ಲಿ ಉಳಿಯಿತು, ಉಳಿಯಲಿ.

ನಾಳೆ ಯಾರೋ ಈ ಅಂಕಕ್ಕೆ ಕಾರಣ ಕೇಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಮನಸ್ಸು ಬೇರೆ ಥರ ಕೆಲಸ ಮಾಡುತ್ತದೆ. ತೀರ್ಮಾನ ಆದಮೇಲೆ ಕೇಳಿದರೆ ನಾವು ಸುಮ್ನೆ ಸಮರ್ಥನೆ ಹುಡುಕುತ್ತೇವೆ. ಕೇಳುವವರ ಒಲವು ಗೊತ್ತಿದ್ದರೆ ಅವರಿಗೆ ಹಿಡಿಸುವ ಹಾಗೆ ಬರೆಯುತ್ತೇವೆ, ಅಲ್ವಾ?

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, "ಅರ್ಜಿದಾರರು ನನಗೆ ಗೊತ್ತು" ಅಂತ ಒತ್ತಿದ ಸದಸ್ಯರನ್ನು ಇದು ಆ ಒಂದು ಅರ್ಜಿಯಿಂದ ಮಾತ್ರ ಹೊರಗಿಡುತ್ತದೆ. ಉಳಿದ ಅರ್ಜಿಗಳಿಗೆ ಅವರು ಅಂಕ ಕೊಡಬಹುದು, ಅಂದರೆ ತಮಗೆ ಗೊತ್ತಿರುವವರ ಎದುರಾಳಿಗಳನ್ನು ಕೆಳಗೆ ತಳ್ಳಬಹುದು. ಕ್ರೈಪಾಕ್ ಪ್ರಕರಣದಲ್ಲಿ ಆದದ್ದೂ ಇದೇ. ಭಾರತೀಯ ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ ಒಬ್ಬ ಅಭ್ಯರ್ಥಿಯೇ ಸದಸ್ಯರಾಗಿದ್ದರು. ಅವರ ಹೆಸರು ಬಂದಾಗ ಕೂರಲಿಲ್ಲ, ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. 1969ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಪಕ್ಷಪಾತ ನಡೆದೇ ಇತ್ತು ಅಂತ ಸಾಬೀತಾಗಬೇಕಿಲ್ಲ, ನಡೆಯುವ ಸಂಭವ ಇದ್ದರೆ ಸಾಕು. ಅಷ್ಟು ಹಳೆಯ ತಪ್ಪಿಗೆ ಈ ಸೇವೆ ಇನ್ನೂ ಜಾಗ ಬಿಟ್ಟಿದೆ. ಅಧ್ಯಕ್ಷರು ಕಾರಣ ಬರೆಯದೆ ಪಟ್ಟಿ ಬದಲಿಸಬಹುದು ಅನ್ನುವುದೂ ಸರಿಯಿಲ್ಲ.

ಎರಡನೇ ಸುತ್ತಿನಲ್ಲಿ ನಾನು ಪಾಠ ಹೇಳಿಕೊಟ್ಟ ಹುಡುಗಿಯ ಅರ್ಜಿ ಬಂತು. ಹೆಸರು ಮುಚ್ಚಿತ್ತು, ಬರೆದ ಅನುಭವ ನೋಡಿದ ಕೂಡಲೇ ಗೊತ್ತಾಯಿತು. ಇಡೀ ಸುತ್ತಿನಿಂದ ಹೊರಗಿರಬೇಕು ಅಂದುಕೊಂಡೆ, ಅದಕ್ಕೆ ಬಟನ್ ಇಲ್ಲ. ಸಮಿತಿಗೆ ಇಮೇಲ್ ಬರೆದು ಹೊರಗುಳಿದೆ. ಸೇವೆಯವರು ಆ ಬಟನ್ ಒಂದನ್ನು ಸೇರಿಸಿದರೆ ಐದನೇ ಸ್ಟಾರ್ ಅವತ್ತೇ ಕೊಡುತ್ತೇನೆ.