ತಿಳಿದದ್ದನ್ನು ಹಂಚಿಕೊಳ್ಳಲು ದುಡ್ಡೋ, ವಾಟ್ಸಾಪೋ, ಹೆಸರೋ? ಮೂರೂ ಮಾಡಿ ನೋಡಿದೆವು

ನಾನು ಶಿರಸಿಯ ಒಂದು ಅಡಿಕೆ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಯನ್ನು ಮುಟ್ಟಿದ ಕೂಡಲೇ ಹೇಳುವ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಹೊಸ ಹುಡುಗರಿಗೆ ಇನ್ನೂ ಕೈ ಕೂತಿಲ್ಲ. ಅದಕ್ಕೇ ಎರಡು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆವು.

ಮೊದಲು ದುಡ್ಡು. ಒಂದು ಸಲಹೆ ಬರೆದು ಹಾಕಿದರೆ 50 ರೂಪಾಯಿ. ತಿಂಗಳಲ್ಲೇ ಪೆಟ್ಟಿಗೆ ತುಂಬಿತು, ತೆಗೆದರೆ ಆರು ಚೀಟಿಯಲ್ಲಿ ಒಂದೇ ಮಾತು: ಚೀಲವನ್ನು ಒದ್ದೆ ನೆಲದ ಮೇಲೆ ಇಡಬೇಡಿ. ಇನ್ಫೋಸಿಸ್‌ನಂಥ ಕಂಪನಿಯಲ್ಲೂ ತಿಳಿದದ್ದನ್ನು ಬರೆದು ಹಂಚಿಕೊಂಡವರಿಗೆ ಕೆಸಿಯು (ನಾಲೆಡ್ಜ್ ಕರೆನ್ಸಿ ಯುನಿಟ್) ಅನ್ನುವ ಅಂಕ ಕೊಡಲು ಶುರು ಮಾಡಿದಾಗ ಬರಹಗಳು ಬಂದು ಬಿದ್ದು, ಅದರಲ್ಲಿ ಒಳ್ಳೇದು ಯಾವುದು ಅಂತ ಹುಡುಕುವುದೇ ಕಷ್ಟವಾಗಿ, ಕೊನೆಗೆ ಅಂಕ ಕೊಡುವ ರೀತಿಯನ್ನೇ ಬದಲಿಸಬೇಕಾಯಿತು.

ವಾಟ್ಸಾಪ್ ಗುಂಪು ಬೇಗ ಕೆಲಸಕ್ಕೆ ಬರುತ್ತದೆ, ಅದು ನಿಜ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಕೇಳಿದರೆ ಎರಡೇ ನಿಮಿಷದಲ್ಲಿ ಉತ್ತರ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪ್ರಶ್ನೆ. ಹಳೆಯ ಉತ್ತರ ಎಲ್ಲೋ ಮೇಲೆ ಹೋಗಿರುತ್ತದೆ.

ನನಗೆ ಹಿಡಿಸಿದ್ದು ಮೂರನೆಯದು. ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದು, ವಿಷಯದ ಜೊತೆ ಹೇಳಿದವರ ಹೆಸರು ಹಾಕಿ, ಎಲ್ಲರ ಕೈಗೂ ಸಿಗುವಂತೆ ಗೂಗಲ್ ಶೀಟ್‌ನಲ್ಲಿ ಅದರ ಲಿಂಕ್ ಇಟ್ಟೆವು. ಒಂದು ಸಾಲನ್ನೂ ಬರೆದು ಕೊಡದ ನಮ್ಮ ಹಿರಿಯರೊಬ್ಬರು ಒಂದು ಹಿಡಿ ಚಾಲಿ ತೆಗೆದುಕೊಂಡು ಕಿವಿ ಹತ್ತಿರ ಅಲುಗಿಸಿದರು. "ತಮಾ, ಮೊದಲು ಸದ್ದು ಕೇಳು. ಒಣಗಿದ್ದು ಖಣಖಣ ಅನ್ನುತ್ತದೆ, ಹಸಿ ಇದ್ದದ್ದು ಮಂಕು." ಆಮೇಲೆ ಅಡಕತ್ತರಿಯಲ್ಲಿ ಎರಡು ಸೀಳಿ ಒಳಗೆ ತೋರಿಸಿದರು. ಇದನ್ನು ಯಾವ ಚೀಟಿಯಲ್ಲಿ ಬರೆಯುತ್ತೀರಿ, ಹೇಳಿ? ಅದರ ಕೆಳಗೆ ತಮ್ಮ ಹೆಸರು ಕಂಡ ಮೇಲೆ ಅವರೇ ಕರೆದು ಇನ್ನೂ ನಾಲ್ಕು ಹೇಳಿದರು.

ಜೆರಾಕ್ಸ್ ಕಂಪನಿಯ ಯುರೇಕಾ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲೂ ಹೀಗೇ ಇತ್ತು. 1990ರ ದಶಕದಲ್ಲಿ ಯಂತ್ರ ರಿಪೇರಿ ಮಾಡುವವರು ತಾವು ಕಂಡುಕೊಂಡ ಉಪಾಯಗಳನ್ನು ಅದಕ್ಕೆ ಹಾಕುತ್ತಿದ್ದರು. ದುಡ್ಡಿಲ್ಲ, ಉಪಾಯದ ಜೊತೆ ಹೆಸರು ಇರುತ್ತಿತ್ತು. ಬೇರೆ ರಿಪೇರಿಯವರು ಪರೀಕ್ಷಿಸಿದ ಮೇಲೆ ಎಲ್ಲರಿಗೂ ಸಿಗುತ್ತಿತ್ತು. ಆ ಪರೀಕ್ಷೆ ನಮ್ಮಲ್ಲಿ ಇನ್ನೂ ಇಲ್ಲ, ಬೇಕೇ ಬೇಕು.

ಇದರಲ್ಲೂ ತಾಪತ್ರಯ ಇದೆ. ಶೀರ್ಷಿಕೆ ಕೊಡದ ಆಡಿಯೊ ಇದ್ದರೂ ಇಲ್ಲದ ಹಾಗೆ, ಯಾರಾದರೂ ಕೂತು ಜೋಡಿಸಲೇಬೇಕು. ಸದ್ಯಕ್ಕೆ ಶನಿವಾರ ನಾನೇ ಮಾಡುತ್ತಿದ್ದೇನೆ. ಚೀಟಿಗೆ ಕೊಡುತ್ತಿದ್ದ ದುಡ್ಡನ್ನು, ನಿವೃತ್ತರಾದ ಹಿರಿಯರು ತಿಂಗಳಿಗೊಂದು ದಿನ ಬಂದು ಹುಡುಗರ ಜೊತೆ ಕೂರುವುದಕ್ಕೆ ಕೊಡಿ ಅಂತ ಆಡಳಿತ ಮಂಡಳಿಗೆ ಬರೆದು ಕೊಟ್ಟಿದ್ದೇನೆ.