ಬಚ್ಚಲು ನೀರಿಗೆ ಜಲ್ಲಿ ತೊಟ್ಟಿ: ಆರು ವರ್ಷ ಬಳಸಿದ ಮೇಲೆ

ನಮ್ಮ ಮನೆ ಇರುವುದು ಮೈಸೂರಿನ ಬೋಗಾದಿ ಆಚೆಯ ಒಂದು ಲೇಔಟ್‌ನಲ್ಲಿ. ಮನೆ ಕಟ್ಟಿಸಿದಾಗ ನಮ್ಮ ಬೀದಿಗೆ ಯುಜಿಡಿ (ಒಳಚರಂಡಿ) ಬಂದಿರಲಿಲ್ಲ. ಎಲ್ಲರದ್ದೂ ಪಿಟ್. ಮಳೆಗಾಲ ಬಂದರೆ ಪಿಟ್ ತುಂಬುವುದು, ಸಕ್ಕಿಂಗ್ ಗಾಡಿಯವರಿಗೆ ಫೋನ್ ಮಾಡುವುದು, ಅವರು ಬರುವವರೆಗೆ ಮೂಗು ಮುಚ್ಚಿಕೊಂಡು ಓಡಾಡುವುದು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಕೂತು ಲೆಕ್ಕ ಹಾಕಿದೆವು. ಪಿಟ್ ತುಂಬಿಸುತ್ತಿದ್ದದ್ದು ಟಾಯ್ಲೆಟ್ ನೀರಿಗಿಂತ ಜಾಸ್ತಿ ಬಚ್ಚಲು, ಅಡುಗೆಮನೆ, ವಾಷಿಂಗ್ ಮಷೀನ್ ನೀರು. ಐದು ಜನರ ಮನೆ, ದಿನಕ್ಕೆ ಸುಮಾರು 400 ಲೀಟರ್. ಅಷ್ಟು ನೀರನ್ನು ಗುಂಡಿಗೆ ಬಿಟ್ಟು, ಗಿಡಗಳಿಗೆ ಮಾತ್ರ ಬೋರ್ ನೀರು ಹಾಕುತ್ತಿದ್ದೆವು.

2019ರ ದಸರಾ ಮುಗಿದ ಮೇಲೆ ಹಿತ್ತಲಲ್ಲಿ ಜಲ್ಲಿ ತೊಟ್ಟಿ ಕಟ್ಟಿಸಿದೆವು. ಕೃತಕ ಜೌಗು, ರೀಡ್ ಬೆಡ್ ಅಂತ ಬೇರೆ ಬೇರೆ ಹೆಸರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಜಲ್ಲಿ ತೊಟ್ಟಿ: ಜಲ್ಲಿ ತುಂಬಿ ಗಿಡ ನೆಟ್ಟ ತೊಟ್ಟಿ, ಬಳಸಿದ ನೀರು ಅದರೊಳಗೆ ಹರಿದು ಸೋಸಿ ಹೊರಬರುತ್ತದೆ. ಟಾಯ್ಲೆಟ್ ನೀರು ಈಗಲೂ ಪಿಟ್‌ಗೇ ಹೋಗುತ್ತದೆ, ಉಳಿದದ್ದೆಲ್ಲ ಇದಕ್ಕೆ. ತೊಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅದರ ಜೀವ ಇರುವುದು ಅದರ ಮುಂದಿರುವ, ಎಣ್ಣೆ ಮತ್ತು ಗಸಿ ತಡೆಯುವ ಜಿಡ್ಡಿನ ಚೇಂಬರ್‌ನಲ್ಲಿ. ಇದು ಗೊತ್ತಾಗಲು ನಮಗೆ ಮೂರನೇ ವರ್ಷದವರೆಗೆ ಕಾಯಬೇಕಾಯಿತು.

ತೊಟ್ಟಿಯ ಅಳತೆ 12 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳ. ನೀರು ಇಂಗದ ಹಾಗೆ ಒಳಗೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಶೀಟ್ ಹಾಸಿದ್ದೇವೆ. ನೀರು ಬರುವ ತುದಿಯಲ್ಲೂ ಹೋಗುವ ತುದಿಯಲ್ಲೂ 40 ಎಂಎಂ ಜಲ್ಲಿ, ನಡುವೆ ಎಲ್ಲಾ ಸಣ್ಣ ಜಲ್ಲಿ. ಜಲ್ಲಿಯನ್ನು ತೊಳೆದೇ ಹಾಕಬೇಕು. ಕ್ರಷರ್ ಪುಡಿ ಹಾಗೇ ಇದ್ದರೆ ತಳಕ್ಕೆ ಕೂತು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. "ಜಲ್ಲಿ ತೊಳೆದು ಯಾರಾದ್ರೂ ಹಾಕ್ತಾರಾ ಮೇಡಂ?" ಅಂತ ಮೇಸ್ತ್ರಿ ಕೇಳಿದರು. ನಾನೂ ನಮ್ಮ ಮನೆಯವರೂ ಎರಡು ದಿನ ಪೈಪ್ ಹಿಡಿದು ನಿಂತು ತೊಳೆದೆವು. ಆ ಎರಡು ದಿನದ ಕೆಲಸ ಇವತ್ತಿಗೂ ಕಾಯುತ್ತಿದೆ.

ಜಲ್ಲಿಯ ಮೇಲೆ ನೀರು ಕಾಣಿಸುವುದಿಲ್ಲ. ಮೇಲಿನ ಮೂರು ನಾಲ್ಕು ಇಂಚು ಯಾವಾಗಲೂ ಒಣಗಿರುತ್ತದೆ, ಮಕ್ಕಳು ಅದರ ಮೇಲೆ ಓಡಾಡುತ್ತಾರೆ. ಹೊರಗಿನ ಚೇಂಬರ್‌ನಲ್ಲಿ ತಿರುಗಿಸಬಹುದಾದ ಒಂದು ಎಲ್ಬೋ (ಬಾಗಿದ ಪೈಪ್ ತುಂಡು) ಇದೆ. ಅದರ ಬಾಯಿ ಎಷ್ಟು ಎತ್ತರಕ್ಕಿದೆಯೋ ತೊಟ್ಟಿಯೊಳಗಿನ ನೀರೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಈ ಕಡೆಯಿಂದ ಹೋದ ನೀರು ಆ ಕಡೆ ಬರಲು ಸುಮಾರು ಮೂರು ದಿನ. ನಿಜವಾದ ಕೆಲಸ ಮಾಡುವುದು ಜಲ್ಲಿಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ. ಕೊಳೆ ತಿನ್ನುವುದು ಅವು. ಗಿಡದ ಬೇರು ಅವಕ್ಕೆ ಜಾಗ ಕೊಡುತ್ತದೆ, ಸ್ವಲ್ಪ ಗಾಳಿ ಒದಗಿಸುತ್ತದೆ, ಸಂದುಗಳು ಮುಚ್ಚದಂತೆ ನೋಡಿಕೊಳ್ಳುತ್ತದೆ. ನಾವು ಹಾಕಿದ್ದು ಕ್ಯಾನಾ ಅನ್ನೋ ಹೂಗಿಡ, ಒಂದು ಮೂಲೆಯಲ್ಲಿ ಕೆರೆಯಿಂದ ತಂದ ಜೊಂಡು. ಜೊಂಡು ಮೊದಲ ವರ್ಷವೇ ಎಲ್ಲಾ ಕಡೆ ನುಗ್ಗಿತು, ಕಿತ್ತು ಹಾಕಿದೆವು. ಕ್ಯಾನಾ ಸಾಕು. ಮಳೆಗಾಲದಲ್ಲಿ ಎಲೆ ಸುತ್ತುವ ಹುಳು ಬರುತ್ತದೆ, ಆ ಎಲೆ ಕತ್ತರಿಸಿದರೆ ಆಯಿತು.

ನಮ್ಮತ್ತೆ ಮದ್ದೂರು ಕಡೆಯವರು. ಜರ್ಮನಿಯ ಕೇಟೆ ಝೈಡೆಲ್ ಅನ್ನೋ ವಿಜ್ಞಾನಿ 1950ರ ದಶಕದಲ್ಲೇ ಜೊಂಡಿನಿಂದ ಕೊಳಚೆ ನೀರು ಸೋಸುವ ಪ್ರಯೋಗ ಶುರು ಮಾಡಿದ್ದರು ಅಂತ ನಾನು ಹೇಳುತ್ತಿದ್ದರೆ, ಅವರು, "ಇದೇನು ಹೊಸದಾ? ನಮ್ಮೂರಲ್ಲಿ ಬಚ್ಚಲು ನೀರು ಬಾಳೆ ಬುಡಕ್ಕೇ ಹೋಗ್ತಿತ್ತು ಕಣವ್ವ" ಅಂದರು. ನಿಜ ಅಲ್ವಾ? ಬಚ್ಚಲ ಹಿಂದೆ ಬಾಳೆ, ಅದರ ಬುಡದಲ್ಲಿ ಕೆಸು, ಪ್ರತಿ ಮನೆಯಲ್ಲೂ ಇತ್ತು. ಆದರೆ ಅಲ್ಲಿ ಕೆಸರು ಬಯಲಲ್ಲಿ ನಿಂತು ಸೊಳ್ಳೆ ಆಗುತ್ತಿತ್ತು. ಇಲ್ಲಿ ನೀರು ಜಲ್ಲಿಯ ಅಡಿಯಲ್ಲೇ ಹರಿಯುವುದರಿಂದ ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ.

ನೀರು ಎಷ್ಟು ಚೊಕ್ಕಟ ಆಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವ ಪರೀಕ್ಷೆ ಇದು. ಎರಡು ಗಾಜಿನ ಬಾಟಲಿ. ಒಂದರಲ್ಲಿ ತೊಟ್ಟಿಗೆ ಹೋಗುವ ನೀರು, ಇನ್ನೊಂದರಲ್ಲಿ ಹೊರಬರುವ ನೀರು. ಮುಚ್ಚಳ ಹಾಕಿ ಅಡುಗೆಮನೆ ಕಿಟಕಿಯಲ್ಲಿ ಇಡುತ್ತೇನೆ. ಮೂರನೇ ದಿನಕ್ಕೆ ಮೊದಲನೆಯದು ಕಪ್ಪಾಗುತ್ತದೆ, ಮುಚ್ಚಳ ತೆಗೆದರೆ ನಿಲ್ಲಲು ಆಗುವುದಿಲ್ಲ. ಎರಡನೆಯದು ವಾರ ಕಳೆದರೂ ಹಾಗೇ ಇರುತ್ತದೆ. ತೆಳು ಟೀ ಬಣ್ಣ, ಮಳೆ ಬಿದ್ದ ಮಣ್ಣಿನ ಥರ ಸಣ್ಣ ವಾಸನೆ. ಕೊಳೆಯುವ ಪದಾರ್ಥ ಅದರಲ್ಲಿ ಹೆಚ್ಚು ಉಳಿದಿಲ್ಲ ಅಂತ ಅರ್ಥ. ರೋಗಾಣು ಪೂರ್ತಿ ಹೋಗಿದೆ ಅಂತ ಅರ್ಥ ಅಲ್ಲ. ಅದಕ್ಕೇ ಈ ನೀರನ್ನು ಸೊಪ್ಪು, ಕೊತ್ತಂಬರಿ, ಮೂಲಂಗಿಗೆ ನಾವು ಹಾಕುವುದಿಲ್ಲ. ಬಾಳೆ, ತೆಂಗು, ನಿಂಬೆ, ದಾಸವಾಳ, ಮಲ್ಲಿಗೆ ಬಳ್ಳಿಗೆ ಪೈಪ್‌ನಲ್ಲಿ ಬುಡಕ್ಕೆ ಬಿಡುತ್ತೇವೆ. ಎಲೆಯ ಮೇಲೆ ಎರಚುವುದಿಲ್ಲ.

ಇನ್ನು ಕೆಟ್ಟ ಕಥೆ. 2022ರ ಯುಗಾದಿಗೆ ಮನೆ ತುಂಬಾ ನೆಂಟರು. ಬೆಳಿಗ್ಗೆ ಎಲ್ಲರಿಗೂ ಹರಳೆಣ್ಣೆ ಹಚ್ಚಿ ಸ್ನಾನ. ಮಾರನೇ ದಿನ ಹೊಸತೊಡಕು, ಮಟನ್ ಸಾರು, ಮುದ್ದೆ. ಎರಡೇ ದಿನದಲ್ಲಿ ಎಣ್ಣೆ, ಕೊಬ್ಬು, ರಾಗಿ ಗಂಜಿ ಎಲ್ಲಾ ಒಟ್ಟಿಗೆ ಹೋಯಿತು. ಕಟ್ಟಿದವರು ನಮಗೆ ಕೊಟ್ಟಿದ್ದ ಜಿಡ್ಡಿನ ಚೇಂಬರ್ ಒಂದೂವರೆ ಅಡಿ ಚೌಕದ್ದು, ಒಂದು ಬಕೆಟ್ ಜಿಡ್ಡಿಗೂ ಸಾಲದು. ಅಷ್ಟು ಸಾಕು ಅಂದಿದ್ದರು, ನಾವು ನಂಬಿದ್ದೆವು. ನಾಲ್ಕನೇ ದಿನ ತೊಟ್ಟಿಯ ಮೊದಲ ಎರಡು ಅಡಿಯಲ್ಲಿ ನೀರು ಮೇಲೆ ಬಂದು ನಿಂತಿತು. ಕೈ ಹಾಕಿ ಜಲ್ಲಿ ತೆಗೆದು ನೋಡಿದೆ. ಒಂದೊಂದು ಕಲ್ಲಿಗೂ ಬೂದು ಬಣ್ಣದ ಲೋಳೆ ಸುತ್ತಿಕೊಂಡಿತ್ತು, ಎರಡು ಕಲ್ಲು ಬಿಡಿಸಿದರೆ ನಡುವೆ ನೂಲಿನ ಹಾಗೆ ಎಳೆ ಬರುತ್ತಿತ್ತು. ಕೊಳೆತ ಮೊಟ್ಟೆ ವಾಸನೆ. ವಾರದಲ್ಲಿ ಸೊಳ್ಳೆ ಮರಿ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ, "ಮೇಡಂ, ಮನೇಲಿ ಸಣ್ಣ ಮಗು ಇದೆ, ಡೆಂಗ್ಯೂ ಕಾಲ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಬಹಳ ಬೇಜಾರಾಯಿತು.

ನೀರನ್ನು ಎರಡು ವಾರ ಪಿಟ್‌ಗೆ ತಿರುಗಿಸಿದೆವು. ಮೊದಲ ಎರಡು ಅಡಿಯ ಜಲ್ಲಿ ತೆಗೆದು, ತೊಳೆದು, ಬಿಸಿಲಿಗೆ ಹರಡಿದೆವು. ಉಳಿದ ತೊಟ್ಟಿಯನ್ನು ಎಲ್ಬೋ ಕೆಳಗೆ ತಿರುಗಿಸಿ ಬರಿದು ಮಾಡಿದೆವು. ಗಾಳಿ ಆಡಿದರೆ ಲೋಳೆ ತಾನೇ ಒಣಗಿ ಕರಗುತ್ತದೆ. ಜಿಡ್ಡಿನ ಚೇಂಬರ್ ಮೂರು ಅಡಿ ಉದ್ದಕ್ಕೆ ಹೊಸದಾಗಿ ಕಟ್ಟಿಸಿ, ನಡುವೆ ಅಡ್ಡಗೋಡೆ ಹಾಕಿಸಿದೆವು. ಜಿಡ್ಡು ಮೇಲೆ ತೇಲುತ್ತದೆ, ಗಸಿ ತಳಕ್ಕೆ ಕೂರುತ್ತದೆ, ನಡುವಿನ ತಿಳಿ ಮಾತ್ರ ಮುಂದೆ ಹೋಗುತ್ತದೆ. ಅಡುಗೆಮನೆಯಲ್ಲೂ ಒಂದು ಕಟ್ಟುನಿಟ್ಟು ಬಂತು. ಮುದ್ದೆ ಮಾಡಿದ ಪಾತ್ರೆ ನೆನೆಸಿದ ನೀರು ಸಿಂಕ್‌ಗೆ ಇಲ್ಲ, ಕಲಗಚ್ಚಿನ ಬಕೆಟ್‌ಗೆ. ಹಾಲು ಹಾಕುವವರು ಹಸುವಿಗೆ ಒಯ್ಯುತ್ತಾರೆ. ಎಣ್ಣೆ ಬಾಣಲೆ ಮೊದಲು ಪೇಪರ್‌ನಿಂದ ಒರೆಸಬೇಕು. ಆಮೇಲಿನ ಮೂರು ಯುಗಾದಿಗಳು ಆರಾಮಾಗಿ ಕಳೆದವು.

2023ರಲ್ಲಿ ಮಳೆ ಕೈಕೊಟ್ಟಿದ್ದು ಎಲ್ಲರಿಗೂ ನೆನಪಿದೆ. 124.80 ಅಡಿ ತುಂಬಬೇಕಾದ ಕನ್ನಂಬಾಡಿ ಕಟ್ಟೆ ಸೆಪ್ಟೆಂಬರ್‌ನಲ್ಲೇ 100 ಅಡಿಗಿಂತ ಕೆಳಗಿತ್ತು. ಮುಂದಿನ ಬೇಸಿಗೆಗೆ ನಮ್ಮ ಬೋರ್ ಕೂಡ ಅರ್ಧ ಗಂಟೆಗೆ ನಿಂತು ಹೋಗುತ್ತಿತ್ತು. ಟ್ಯಾಂಕರ್ ನೀರು ತರಿಸಿ ಸ್ನಾನ ಮಾಡಿದ್ದೇವೆ. ಆದರೆ ಗಿಡಕ್ಕೆ ಒಂದು ಬಿಂದಿಗೆಯನ್ನೂ ದುಡ್ಡು ಕೊಟ್ಟು ತರಲಿಲ್ಲ. ಆ ಏಪ್ರಿಲ್‌ನಲ್ಲಿ ಕ್ಯಾನಾವೇ ದಿನಕ್ಕೆ ಮೂರು ನಾಲ್ಕು ಬಿಂದಿಗೆ ಕುಡಿದರೂ, ಉಳಿದದ್ದು ಎರಡು ತೆಂಗು, ಆರು ಬುಡ ಏಲಕ್ಕಿ ಬಾಳೆಗೆ ಸಾಕಾಯಿತು. ಸ್ನಾನ ಮಾಡಿದ ನೀರೇ ಮೂರು ದಿನ ಬಿಟ್ಟು ಬಾಳೆ ಬುಡ ಸೇರುವುದನ್ನು ನೋಡುವಾಗ ಆಗುವ ಸಮಾಧಾನವೇ ಬೇರೆ.

ಕುಕ್ಕರಹಳ್ಳಿ ಕೆರೆಗೆ ಕೊಳಚೆ ಸೇರಿ ನೀರು ಹಸಿರಾದದ್ದನ್ನು ವಾಕಿಂಗ್ ಹೋಗುವವರೆಲ್ಲ ಕಂಡಿದ್ದಾರೆ. ಆ ಪಾಚಿ ಬೆಳೆಸುವುದು ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ. ನಮ್ಮ ತೊಟ್ಟಿ ಅದನ್ನು ಪೂರ್ತಿ ತೆಗೆಯುವುದಿಲ್ಲ. ಆದರೆ ಕೆರೆಗೆ ವಿಷವಾದದ್ದು ಬಾಳೆಗೆ ಗೊಬ್ಬರ. ಗಿಡ ಹೀರಿದ್ದು ಮತ್ತೆ ಅಲ್ಲೇ ಉದುರಬಾರದು. ಅದಕ್ಕೆ ವರ್ಷಕ್ಕೆ ಎರಡು ಸಲ ಕ್ಯಾನಾ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ.

ಖರ್ಚು ಮೊದಲಿಗೆ 42,000 ರೂಪಾಯಿ, ಹೊಸ ಚೇಂಬರ್‌ಗೆ 6,000. ಕರೆಂಟ್ ಬೇಕಿಲ್ಲ, ಇಳಿಜಾರಿನಲ್ಲೇ ನೀರು ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಜಿಡ್ಡು ತೆಗೆಯಲು ಕಾಲು ಗಂಟೆ. ವಾಸನೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಹೊರಬಂದ ನೀರನ್ನು ಎರಡು ದಿನಕ್ಕಿಂತ ಜಾಸ್ತಿ ಕೂಡಿಡಬೇಡಿ, ಪಾಚಿ ಕಟ್ಟುತ್ತದೆ. ಬಟ್ಟೆಗೆ ಸೋಪಿನ ಪುಡಿ ಬಿಟ್ಟು ಲಿಕ್ವಿಡ್‌ಗೆ ಬಂದಿದ್ದೇವೆ. ಪುಡಿಯಲ್ಲಿ ಸೋಡಿಯಂ ಜಾಸ್ತಿ, ವರ್ಷಗಟ್ಟಲೆ ಬಿದ್ದರೆ ಮಣ್ಣು ಗಟ್ಟಿಯಾಗುತ್ತದೆ.

ಯುಜಿಡಿ ಇದ್ದು, ಹಿತ್ತಲು ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಹಿತ್ತಲು ಇದ್ದು, ತಿಂಗಳಿಗೆ ಎರಡು ಸಲ ಚೇಂಬರ್ ಮುಚ್ಚಳ ಎತ್ತುವ ಮನಸ್ಸಿದ್ದರೆ ಖಂಡಿತ ಮಾಡಿಸಿ. ಕಟ್ಟುವವರ ಹತ್ತಿರ ಗಿಡ ಯಾವುದು ಅಂತ ಕೇಳುವ ಮೊದಲು ಜಿಡ್ಡಿನ ಚೇಂಬರ್ ಎಷ್ಟು ದೊಡ್ಡದು ಅಂತ ಕೇಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಆ ಒಂದೂವರೆ ಅಡಿ ಚೇಂಬರ್‌ಗೆ.