ಎಬಿಎಸ್ ಮಾಡ್ಯೂಲ್ ಹೋಗಿದೆ ಅಂದ ತಕ್ಷಣ ದುಡ್ಡು ಕೊಡಬೇಡಿ: ನನ್ನ 46 ಸಾವಿರ ಹೋದ ಕಥೆ

ಸ್ಕ್ಯಾನರ್ ಹಾಕಿ, "ಯು0121 ಬಂದಿದೆ, ಎಬಿಎಸ್ ಮಾಡ್ಯೂಲ್ ಹೋಗಿದೆ, ಬದಲಾಯಿಸಬೇಕು" ಅಂತ ಯಾವುದಾದರೂ ಗ್ಯಾರೇಜಿನಲ್ಲಿ ಹೇಳಿದರೆ ದಯವಿಟ್ಟು ಹೂಂ ಅನ್ನಬೇಡಿ. ಅಡ್ವಾನ್ಸ್ ಕೊಡಬೇಡಿ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಮಾಡ್ಯೂಲ್ ಅಥವಾ ಯೂನಿಟ್ ಅಂದರೆ ಅದನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಯು0121 ಅನ್ನುವುದು ಸ್ಕ್ಯಾನರ್ ತೋರಿಸುವ ದೋಷದ ಕೋಡ್. ನಾನು ಒಟ್ಟು 46,000 ರೂಪಾಯಿ ಕೊಟ್ಟಿದ್ದೇನೆ. ಕಾರಿನಲ್ಲಿ ನಿಜವಾಗಿ ಕೆಟ್ಟಿದ್ದು ಒಂದು ಕನೆಕ್ಟರಿನೊಳಗಿನ ಪಿನ್. ಒಂದೇ ಒಂದು ಪಿನ್. ಅದನ್ನು ಸರಿ ಮಾಡಿದವರು ತೆಗೆದುಕೊಂಡಿದ್ದು 1,200 ರೂಪಾಯಿ.

ಇದನ್ನೆಲ್ಲ ಬರೆಯಲು ನಾಚಿಕೆ ಆಗುತ್ತದೆ. ಅತ್ತೆಗೆ ಇನ್ನೂ ಪೂರ್ತಿ ಮೊತ್ತ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂದರೆ ನನಗೆ ಹೇಳಿದ ಮಾತನ್ನೇ ನಾಳೆ ನಿಮಗೂ ಹೇಳಬಹುದು.

ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಶಿವಮೊಗ್ಗದಲ್ಲಿ ಮನೆ. ಮನೆ ಮುಂದೆ ಹೊಂಗೆ ಮರ, ಕಾರು ನಿಲ್ಲುವುದು ಅದರ ಕೆಳಗೆ. ಆರಿದ್ರಾ ಮಳೆ ಹಿಡಿದುಕೊಂಡಾಗ ತೊಂದರೆ ಶುರುವಾಯಿತು. ಓಡಿಸುತ್ತಾ ಇರುವಾಗ ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿಕೊಳ್ಳುತ್ತಿದ್ದವು. ಎಬಿಎಸ್, ಸ್ಟೇರಿಂಗ್, ಎಂಜಿನ್, ಎಲ್ಲ. ಸ್ಪೀಡ್ ಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತಿತ್ತು, ಆರ್‌ಪಿಎಂ ಮುಳ್ಳೂ ಬೀಳುತ್ತಿತ್ತು. ಎಂಜಿನ್ ಮಾತ್ರ ಆರಾಮಾಗಿ ಓಡುತ್ತಿತ್ತು. ಸ್ಟೇರಿಂಗ್ ಗಟ್ಟಿಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗೇ ಸರಿ. ಇನ್ನು ಕೆಲವು ಸಲ ಸ್ಟಾರ್ಟೇ ಆಗುತ್ತಿರಲಿಲ್ಲ, ಕೀಲಿಯ ಗುರುತಿನ ಪುಟ್ಟ ದೀಪ ಮಿನುಗುತ್ತಿತ್ತು. ನಮ್ಮ ಶಾಲೆಯ ಗೇಟಿನಲ್ಲೇ ಒಂದು ಬೆಳಗ್ಗೆ ಹಾಗೆ ನಿಂತುಬಿಟ್ಟಿತು. ಹಿಂದೆ ಮಕ್ಕಳ ಬಸ್ಸು, ಹಾರ್ನು.

ಊರಿನಲ್ಲಿ ಹೆಸರಿರುವ ಗ್ಯಾರೇಜು. ಎಸಿ ಇರುವ ಆಫೀಸು, ಗೋಡೆಗೆ ಸರ್ಟಿಫಿಕೇಟು. ಹುಡುಗ ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿದ. ಪರದೆಯಲ್ಲಿ ಒಂದಷ್ಟು ಕೋಡ್ ಬಂದವು. ಯು0121 ಇತ್ತು, ಎಂಜಿನ್ ಕಂಪ್ಯೂಟರಿಗೆ ಸಂಬಂಧಿಸಿದ ಯು0100 ಕೂಡ ಇತ್ತು. ನಾನು ನೋಡಿದ್ದೇನೆ, ಫೋಟೋ ಕೂಡ ಇದೆ. ಮಾಲೀಕರು ಬಂದು ಎರಡು ನಿಮಿಷ ನೋಡಿ, "ಎಬಿಎಸ್ ಯೂನಿಟ್ ಡೆಡ್ ಆಗಿದೆ ಮೇಡಂ. ಅದೇ ಉಳಿದಿದ್ದನ್ನೆಲ್ಲ ಎಳೀತಿದೆ" ಅಂದರು. ಬಾನೆಟ್ ತೆಗೆದು ಒಂದು ವೈರು ಮುಟ್ಟಲಿಲ್ಲ. ಮಲ್ಟಿಮೀಟರ್ ಹಿಡಿಯಲಿಲ್ಲ.

ವೈರಿಂಗ್ ಇರಬಹುದಾ ಅಂತ ನಾನು ಕೇಳಿದೆ. ಕೇಳಿಯೇ ಕೇಳಿದೆ. ಅದಕ್ಕೆ ಬಂದ ಉತ್ತರ ಇದು: "ಇದೆಲ್ಲ ಹೊಸ ಎಲೆಕ್ಟ್ರಾನಿಕ್ಸ್ ಮೇಡಂ, ನಿಮಗೆ ಅರ್ಥ ಆಗಲ್ಲ. ಮನೆಯವರನ್ನ ಕಳಿಸಿ, ಅವರಿಗೆ ಹೇಳ್ತೀನಿ." ಅಲ್ಲಿ ಇನ್ನೂ ಮೂರು ನಾಲ್ಕು ಜನ ಗಿರಾಕಿಗಳು ಕೂತಿದ್ದರು. ಒಬ್ಬರು ನಕ್ಕರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಕಾರಿನ ಸಾಲ ಕಟ್ಟಿದ್ದು ನನ್ನ ಸಂಬಳದಿಂದ. ಮನೆಯವರನ್ನು ಯಾಕೆ ಕಳಿಸಬೇಕು?

ಯೂನಿಟ್ ಹಾಕಿದರು. ಬಿಲ್ಲು 46,000. ಒಂದಷ್ಟು ದಿನ ಕಾರು ಚೆನ್ನಾಗಿತ್ತು. ಯಾಕೆ ಅಂತ ಈಗ ಗೊತ್ತಾಗಿದೆ: ಆಗ ಮಳೆ ಬಿಟ್ಟಿತ್ತು. ಮತ್ತೆ ಮಳೆ ಹಿಡಿಯಿತು, ಮತ್ತೆ ಅದೇ ದೀಪಗಳು, ಅದೇ ಮುಳ್ಳು, ಅದೇ ಯು0121. ಹೊಸ ಎಬಿಎಸ್ ಇದ್ದೂ ಎಬಿಎಸ್ ಸಿಗುತ್ತಿಲ್ಲ ಅನ್ನುವ ಅದೇ ಕೋಡ್!

ಇನ್ನೊಂದು ವಿಷಯ, ಇದು ದುಡ್ಡಿಗಿಂತ ದೊಡ್ಡದು. ಎಬಿಎಸ್ ಯೂನಿಟ್ ತೆಗೆಯಬೇಕಾದರೆ ಬ್ರೇಕಿನ ಪೈಪುಗಳನ್ನು ಬಿಚ್ಚಬೇಕು. ಬಿಚ್ಚಿದರೆ ಗಾಳಿ ಸೇರುತ್ತದೆ, ಅದನ್ನು ಪೂರ್ತಿ ಹೊರಗೆ ತೆಗೆಯಬೇಕು. ಇವರು ಸರಿಯಾಗಿ ತೆಗೆದಿರಲಿಲ್ಲ. ಪೆಡಲ್ ಮೆತ್ತಗಾಗಿತ್ತು, ಮೊದಲಿಗಿಂತ ಆಳಕ್ಕೆ ಹೋಗುತ್ತಿತ್ತು. ಕೇಳಿದ್ದಕ್ಕೆ "ಹೊಸ ಯೂನಿಟ್ ಅಲ್ವಾ ಮೇಡಂ, ಸೆಟ್ ಆಗುತ್ತೆ" ಅಂದರು. ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕಿಗೆ ಸುಮ್ನೆ ಕೈ ಹಾಕಿ ಕೆಡಿಸಿದರು. ಆ ಬ್ರೇಕಿನಲ್ಲಿ ನಾವು ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವವರಿದ್ದೆವು. ಮಳೆ ಜಾಸ್ತಿ ಅಂತ ಹೋಗಲಿಲ್ಲ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಎರಡನೇ ಬಾರಿ ತೆಗೆದುಕೊಂಡು ಹೋದಾಗ ಏನು ಹೇಳಿದರು ಗೊತ್ತಾ? "ಈಗ ಇಸಿಎಂ ಕೂಡ ಹೋಗಿದೆ." ಅಂದರೆ ಎಂಜಿನ್ನಿನ ಕಂಪ್ಯೂಟರು. 58,000 ಆಗುತ್ತದಂತೆ, ಕೀಲಿಗೆ ಮತ್ತೆ ಜೋಡಿ ಮಾಡಲು ಬೇರೆ ಖರ್ಚಂತೆ. ಆ ಯು0100 ಮೊದಲ ದಿನವೇ ಇತ್ತಲ್ಲ ಅಂದೆ. "ಆಗ ವೀಕ್ ಇತ್ತು, ಈಗ ಪೂರ್ತಿ ಹೋಯ್ತು." ಇಸಿಎಂ ಹೋಗಿದ್ದರೆ ಎಂಜಿನ್ ಹೇಗೆ ಓಡುತ್ತಿದೆ ಅಂದೆ. ಉತ್ತರ ಇಲ್ಲ. ಕಾರು ಬಿಡಿಸಿಕೊಂಡು ಬಂದೆ.

ನಮ್ಮ ಶಾಲೆಯ ಕ್ಲರ್ಕ್ ತೀರ್ಥಹಳ್ಳಿ ಕಡೆಯವರು. ಅವರ ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ವಯಸ್ಸಾದವರು. ಸಣ್ಣ ಶೆಡ್ಡು. ಅವರು ಮೊದಲು ಕೇಳಿದ್ದು ಮಳೆ ಬಂದಾಗ ಜಾಸ್ತಿ ಆಗುತ್ತಾ ಅಂತ. ಆಮೇಲೆ ಕೋಡ್ ಫೋಟೋ ನೋಡಿ, "ಟೀಚರ್, ಈ ಕೋಡ್ ಬರೆದವರು ಯಾರು ನೋಡಿ. ಎಬಿಎಸ್ ಬರೆದಿಲ್ಲ. ಡ್ಯಾಶ್‌ಬೋರ್ಡ್ ಮೀಟರು, ಸ್ಟೇರಿಂಗು, ಬಾಡಿ ಕಂಪ್ಯೂಟರು ಬರೆದಿವೆ, ಎಬಿಎಸ್ ಮಾತಾಡ್ತಿಲ್ಲ ಅಂತ. ಎಂಜಿನ್ ಕಂಪ್ಯೂಟರೂ ಮಾತಾಡ್ತಿಲ್ಲ ಅಂತ. ಫೋನ್ ಎತ್ತಲಿಲ್ಲ ಅಂದ ಮಾತ್ರಕ್ಕೆ ಆಳೇ ಹೋದ ಅಂತಲ್ಲವಲ್ಲ, ಲೈನ್ ಕಟ್ ಆಗಿರಬಹುದು" ಅಂದರು. ಮತ್ತೆ ಹೇಳಿದರು: "ಸುಮ್ಮನಾದವು ಎರಡೂ ಬಾನೆಟ್ ಕಡೆ ಇರೋವು. ಮಾತಾಡ್ತಿರೋವು ಎಲ್ಲ ಒಳಗಡೆ ಇರೋವು. ಮಧ್ಯದಲ್ಲಿ ಏನಿದೆ ಅಂತ ನೋಡಬೇಕು."

ಇಷ್ಟೇ. ಇಷ್ಟೇ ಇದ್ದಿದ್ದು. ಸ್ಕ್ಯಾನರಿನ ಪರದೆಯಲ್ಲಿ ಮೊದಲ ದಿನವೇ ಇದು ಕಾಣುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು, ಒಬಿಡಿ ಪೋರ್ಟಿನ 6ನೇ ಮತ್ತು 14ನೇ ಪಿನ್ನಿಗೆ ಮಲ್ಟಿಮೀಟರ್ ಕಡ್ಡಿ ಇಟ್ಟರು. ಮಾಡ್ಯೂಲುಗಳೆಲ್ಲ ಪರಸ್ಪರ ಮಾತಾಡುವ ಎರಡು ಹೆಣೆದ ತಂತಿಗಳು ಅಲ್ಲಿಗೆ ಬರುತ್ತವೆ. ಕ್ಯಾನ್ ಲೈನ್ ಅನ್ನುತ್ತಾರೆ. ಆ ಜೋಡಿ ತಂತಿಯ ಎರಡೂ ತುದಿಯಲ್ಲಿ ಒಂದೊಂದು 120 ಓಮ್ ರೋಧಕ ಇರುತ್ತದೆ. ಮೀಟರ್ ತೋರಿಸಿದ್ದು 120. "60 ಇರಬೇಕಿತ್ತು" ಅಂದರು.

ನಾನು ಹಾಗೇ ನಿಂತುಬಿಟ್ಟೆ. ಸಮಾಂತರ ಜೋಡಣೆ. 120 ಮತ್ತು 120 ಸಮಾಂತರವಾಗಿದ್ದರೆ 60. ಪ್ರತಿ ವರ್ಷ ಹತ್ತನೇ ತರಗತಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುವ ಲೆಕ್ಕ. 120 ಬಂದರೆ ಒಂದು ತುದಿ ಸಿಗುತ್ತಿಲ್ಲ ಅಂತ ಅರ್ಥ, ಅಂದರೆ ದಾರಿಯಲ್ಲೆಲ್ಲೋ ತಂತಿ ಬಿಟ್ಟಿದೆ ಅಂತ. ಇದನ್ನೇ ನನಗೆ "ಅರ್ಥ ಆಗಲ್ಲ" ಅಂದಿದ್ದು! ಹೊಸ ಎಲೆಕ್ಟ್ರಾನಿಕ್ಸ್ ಅಂತೆ. ಬಾಷ್ ಕಂಪನಿ ಈ ಕ್ಯಾನ್ ಪದ್ಧತಿಯನ್ನು ಹೊರತಂದಿದ್ದು 1986ರಲ್ಲಿ. ಕಾರು ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಅವರು ಮೀಟರನ್ನು ನನ್ನ ಕೈಗೆ ಕೊಟ್ಟು, ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಪಟ್ಟಿ ತೆಗೆದರು. ಅಲ್ಲೊಂದು ದೊಡ್ಡ ಕನೆಕ್ಟರ್. ಎಂಜಿನ್ ಕಡೆಯ ವೈರುಗಳೂ ಒಳಗಿನ ವೈರುಗಳೂ ಸೇರುವ ಜಾಗ. ಅದನ್ನು ಒತ್ತಿ ಹಿಡಿದರು: 60. ಬಿಟ್ಟರು: 120. ಮತ್ತೆ ಒತ್ತಿದರು: 60. ಬಿಚ್ಚಿದಾಗ ಒಳಗೆ ನೀರು. ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದು ಅರ್ಧ ತಿಂದುಹಾಕಿತ್ತು. ಕಾಲು ಹಾಸಿನ ಕೆಳಗಿನ ಕಾರ್ಪೆಟ್ ಒದ್ದೆ. ಗ್ಲಾಸಿನ ಕೆಳಗೆ, ವೈಪರ್ ಇರುವ ಜಾಗದಲ್ಲಿ ನೀರು ಹೋಗುವ ತೂತು ಹೊಂಗೆ ಎಲೆ, ಹೂವಿನಿಂದ ಕಟ್ಟಿಕೊಂಡಿತ್ತು. ಮಳೆ ನೀರು ಹೊರಗೆ ಹೋಗದೆ ಒಳಗೆ ಇಳಿಯುತ್ತಿತ್ತು. ಪಿನ್ ಬದಲಾಯಿಸಿ, ಕನೆಕ್ಟರ್ ತೊಳೆದು ಒಣಗಿಸಿ, ತೂತು ಬಿಡಿಸಿ, ಬ್ರೇಕಿನ ಗಾಳಿಯನ್ನೂ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಕೈಲಿ ತೆಗೆಸಿ ಕೊಟ್ಟರು. ಆಮೇಲೆ ಪುಷ್ಯ ಮಳೆ ಪೂರ್ತಿ ಸುರಿಯಿತು. ಒಂದು ದೀಪ ಹತ್ತಿಲ್ಲ.

ಈಗ ಆ ಗ್ಯಾರೇಜಿನವರ ಉತ್ತರಗಳು. ವಾಟ್ಸಾಪಿನಲ್ಲಿ ಕಿಲುಬು ಹಿಡಿದ ಪಿನ್ನಿನ ಫೋಟೋ, ಮೀಟರಿನ ಫೋಟೋ ಕಳಿಸಿ ಕೇಳಿದೆ.

"ಮೇಡಂ ಕಂಪ್ಯೂಟರ್ ಏನು ತೋರಿಸಿತೋ ಅದನ್ನೇ ಮಾಡಿದ್ದೀವಿ."

ಕಂಪ್ಯೂಟರ್ ಮಾಡ್ಯೂಲ್ ಕೆಟ್ಟಿದೆ ಅಂತ ತೋರಿಸಿಲ್ಲ, ಸಂಪರ್ಕ ಸಿಗುತ್ತಿಲ್ಲ ಅಂತ ತೋರಿಸಿದೆ ಅಂತ ಬರೆದೆ.

"ಎರಡೂ ಪ್ರಾಬ್ಲಂ ಇತ್ತು. ಎಬಿಎಸ್ ಹೋಗಿದ್ದೂ ನಿಜ, ವೈರಿಂಗೂ ನಿಜ."

ಹಾಗಾದರೆ ನನ್ನ ಹಳೆಯ ಯೂನಿಟ್ ಕೊಡಿ, ಬೇರೆ ಕಡೆ ಟೆಸ್ಟ್ ಮಾಡಿಸುತ್ತೇನೆ ಅಂದೆ.

"ಅದು ಸ್ಕ್ರ್ಯಾಪಿಗೆ ಹೋಯ್ತು."

ಚೆನ್ನಾಗಿದ್ದ ಯೂನಿಟ್ಟು! ಸ್ಕ್ರ್ಯಾಪಿಗೆ ಹೋಯಿತೋ, ಇನ್ಯಾರದೋ ಕಾರಿಗೆ ಹೋಯಿತೋ, ನನಗೆ ಹೇಗೆ ಗೊತ್ತಾಗಬೇಕು? ಹೊಸದನ್ನಾದರೂ ವಾಪಸ್ ತೆಗೆದುಕೊಳ್ಳಿ ಅಂದರೆ "ಎಲೆಕ್ಟ್ರಿಕಲ್ ಐಟಂಗೆ ರಿಟರ್ನ್ ಇಲ್ಲ, ಬಿಲ್ ಕೆಳಗೆ ಬರೆದಿದೆ ನೋಡಿ." ಕೊನೆಗೆ ಒಂದು ವಾಯ್ಸ್ ಮೆಸೇಜು: "ಮೇಡಂ, ನೀವು ಸುಮ್ನೆ ಎಳೀತಿದ್ದೀರ. ಸಾರ್‌ಗೆ ಫೋನ್ ಮಾಡೋಕೆ ಹೇಳಿ." ಮತ್ತೆ ಅದೇ! ನನ್ನ ಯಜಮಾನರು ಫೋನ್ ಮಾಡಿ, "ಅವಳ ಹತ್ತಿರವೇ ಮಾತಾಡಿ, ನನಗಿಂತ ಅವಳಿಗೆ ಗೊತ್ತು" ಅಂದರು. ಆಮೇಲೆ ಮೆಸೇಜಿಗೆ ಉತ್ತರ ನಿಂತಿತು.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಹೋಗಿಯೇ ಹೋಗುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ಕೋಡ್ ಅಳಿಸುವ ಮೊದಲು ಎಲ್ಲ ಮಾಡ್ಯೂಲುಗಳ ಸ್ಕ್ಯಾನ್ ರಿಪೋರ್ಟ್ ಕೇಳಿ ಪಡೆಯಿರಿ, ಕೊಡದಿದ್ದರೆ ಪರದೆಯ ಫೋಟೋ ತೆಗೆಯಿರಿ. ಯಾವ ಮಾಡ್ಯೂಲ್ ದೂರುತ್ತಿದೆ, ಯಾವುದು ಸುಮ್ಮನಿದೆ ಅಂತ ಕೇಳಿ. ಸುಮ್ಮನಿರುವುದಕ್ಕೆ ಫ್ಯೂಸ್, ಕರೆಂಟ್, ಅರ್ಥ್ ಸರಿಯಾಗಿ ಬರುತ್ತಿದೆಯಾ ಅಂತ ನಿಮ್ಮ ಮುಂದೆಯೇ ನೋಡಲಿ. ಬ್ಯಾಟರಿ ಬಿಚ್ಚಿ 60 ಓಮ್ ತೋರಿಸಿ ಅನ್ನಿ. ಸೊನ್ನೆ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ, 120 ಬಂದರೆ ಎಲ್ಲೋ ಬಿಟ್ಟಿದೆ. 60 ಬಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಆದರೆ ಮೀಟರೇ ಹಿಡಿಯದೆ ಮಾಡ್ಯೂಲ್ ಬೆಲೆ ಹೇಳುವವರ ಹತ್ತಿರ ಒಂದು ಕ್ಷಣವೂ ನಿಲ್ಲಬೇಡಿ. ಹಳೆಯ ಪಾರ್ಟು ನಿಮ್ಮದು, ವಾಪಸ್ ಕೊಡುತ್ತೇವೆ ಅಂತ ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳಿ.

ಮರದ ಕೆಳಗೆ ಕಾರು ನಿಲ್ಲಿಸುವವರು ವೈಪರ್ ಬುಡದ ಎಲೆ ಇವತ್ತೇ ತೆಗೆಯಿರಿ. ಎಡಗಡೆ ಕಾಲು ಹಾಸು ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆ ಇದ್ದರೆ, ದೀಪ ಹತ್ತುವವರೆಗೂ ಕಾಯಬೇಡಿ.